ಡಬ್ಬಿಯೊಳಗಿನ ರಾಣಿಗೆ ಹೆಸರೇನು?

ಕೇಳುಗರೆಲ್ಲರಿಗೂ ನಮಸ್ಕಾರ.

ಸಾಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ನಿವೃತ್ತಿಯಾದ ಮೇಲೆ ಊರಿನವರು ನನಗೊಂದು ಉದ್ಯೋಗ ಹಚ್ಚಿದ್ದಾರೆ. ಯಾರ ಮನೆಯಲ್ಲಿ ಯಾವ ಹುಳ ಸಿಕ್ಕಿದರೂ ಬೆಂಕಿಪೆಟ್ಟಿಗೆಯಲ್ಲೋ ಮಾತ್ರೆಯ ಡಬ್ಬಿಯಲ್ಲೋ ಹಾಕಿ ನಮ್ಮ ಜಗಲಿಗೆ ತಂದಿಡುತ್ತಾರೆ. ಅದಕ್ಕೆ ಹೆಸರು ಹೇಳುವುದು ನನ್ನ ಪಾಲಿನ ಕೆಲಸ. ಸಂಬಳವಿಲ್ಲ. ಆಗಾಗ ಹಲಸಿನ ಹಪ್ಪಳ ಬರುತ್ತದೆ.

ಕಳೆದ ವರ್ಷ ಜೂನ್ ತಿಂಗಳ ಮೊದಲ ವಾರ. ಎರಡು ದಿನ ಜಡಿದು ಸುರಿದ ಮಳೆ ಮೂರನೇ ದಿನ ಸಂಜೆ ಹೊಳವಾಗಿತ್ತು. ಆ ಹೊತ್ತಿನ ಗಾಳಿಗೆ ಒಂದು ಬಗೆಯ ಸೆಕೆ ಇರುತ್ತದೆ, ಮಲೆನಾಡಿನವರಿಗೆ ಗೊತ್ತು. ಪಕ್ಕದ ಮನೆಯ ಹುಡುಗ, ಏಳನೇ ತರಗತಿಯವನು, ಎರಡು ಡಬ್ಬಿ ಹಿಡಿದುಕೊಂಡು ಓಡಿ ಬಂದ. "ಟೀಚರ್, ರಾಣಿ ಇರುವೆ ಸಿಕ್ಕಿದೆ. ಒಂದಲ್ಲ, ಎರಡು. ಯಾವ ಜಾತಿ, ಹೇಳಿ." ಇವತ್ತಿನ ಈ ಮಾತುಕತೆ ಆ ಎರಡು ಡಬ್ಬಿಗಳ ಕಥೆ. ಬಾನುಲಿಯಲ್ಲಿ ಚಿತ್ರ ತೋರಿಸುವ ಹಾಗಿಲ್ಲ, ಆದ್ದರಿಂದ ನೀವು ಸ್ವಲ್ಪ ಮನಸ್ಸಿನಲ್ಲೇ ನೋಡಿಕೊಳ್ಳಬೇಕು.

ಮೊದಲ ಡಬ್ಬಿ ತೆಗೆದೆ. ಒಳಗೆ ಎರಡೂವರೆ ಸೆಂಟಿಮೀಟರ್ ಉದ್ದದ, ಕಂದು ಹಳದಿ ಬಣ್ಣದ, ರೆಕ್ಕೆಯಿದ್ದ ದೊಡ್ಡ ಹುಳ. ಹೊಟ್ಟೆ ಸೌತೆ ಮಿಡಿಯ ಹಾಗೆ ಉದ್ದಕ್ಕೆ, ಉರುಟಾಗಿ, ತುದಿಯಲ್ಲಿ ತುಸು ಬಾಗಿಕೊಂಡಿತ್ತು. ಅಂಗಳದ ದೀಪಕ್ಕೆ ಡಿಕ್ಕಿ ಹೊಡೆಯುತ್ತಿದ್ದುದನ್ನು ಹಿಡಿದನಂತೆ. ಇಷ್ಟು ದೊಡ್ಡದು ರಾಣಿಯಲ್ಲದೆ ಮತ್ತೇನು ಎಂದು ಅವನ ವಾದ. ರಾಣಿಯಲ್ಲ, ಗಂಡು ಎಂದೆ. ಹುಡುಗನ ಮುಖ ಬಾಡಿತು. ಅದು ಡೊರೈಲಸ್ ಎಂಬ ಕುಲದ ಗಂಡು ಇರುವೆ. ಇವುಗಳ ಕೆಲಸಗಾರ ಇರುವೆಗಳು ಕಣ್ಣಿಲ್ಲದವು, ನೆಲದೊಳಗೇ ದಂಡು ಕಟ್ಟಿಕೊಂಡು ಓಡಾಡುತ್ತವೆ. ರಾಣಿಗೆ ಕಣ್ಣೂ ಇಲ್ಲ, ರೆಕ್ಕೆಯೂ ಇಲ್ಲ, ಅದು ಮೇಲೆ ಬಂದು ಯಾರ ಕಣ್ಣಿಗೂ ಬೀಳುವುದಿಲ್ಲವೆಂದೇ ಹೇಳಬೇಕು. ಗಂಡಿಗೆ ಮಾತ್ರ ದೊಡ್ಡ ಕಣ್ಣು, ರೆಕ್ಕೆ, ದೀಪದ ಹುಚ್ಚು.

ಹುಡುಗನನ್ನು ಸಮಾಧಾನ ಮಾಡಲು ಒಂದು ನಿಜ ಸಂಗತಿ ಹೇಳಿದೆ. ಜೀವಿಗಳಿಗೆ ಹೆಸರಿಡುವ ಪದ್ಧತಿಯನ್ನೇ ಹಾಕಿಕೊಟ್ಟ ಲಿನೇಯಸ್ 1764ರಲ್ಲಿ ಇದೇ ಕುಲದ ಒಂದು ಗಂಡನ್ನು ನೋಡಿ ಅದು ಕಣಜವೆಂದು ತಿಳಿದು ಕಣಜಗಳ ಗುಂಪಿನಲ್ಲಿ ಹೆಸರು ಕೊಟ್ಟಿದ್ದ. ಮುಂದೆ ಇವುಗಳ ಕುರುಡು ಕೆಲಸಗಾರರನ್ನು ಕಂಡವರು ಅವಕ್ಕೆ ಬೇರೆಯೇ ಕುಲದ ಹೆಸರಿಟ್ಟರು. ರಾಣಿ ಸಿಕ್ಕಾಗ ಅದಕ್ಕೆ ಮೂರನೆಯ ಹೆಸರು. ಅಪ್ಪ, ಅವ್ವ, ಮಕ್ಕಳು ಒಂದೇ ಮನೆಯವರೆಂದು ಗೊತ್ತಾಗಲು ಎಷ್ಟೋ ಕಾಲ ಹಿಡಿಯಿತು. "ಲಿನೇಯಸ್ ತಪ್ಪಿದ ಕಡೆಯಲ್ಲೇ ನೀನೂ ತಪ್ಪಿದ್ದೀಯ" ಎಂದಾಗ ಹುಡುಗ ಅರ್ಧ ನಕ್ಕ.

ಮಳೆ ಬಿಟ್ಟ ಸಂಜೆ ರೆಕ್ಕೆ ಹೊತ್ತು ಹಾರುವುದರಲ್ಲಿ ಮುಕ್ಕಾಲು ಪಾಲು ಇರುವೆಯೇ ಅಲ್ಲ, ಗೆದ್ದಲು. ನಾವು ಈಸಲು ಎನ್ನುತ್ತೇವಲ್ಲ, ಅದು. ಬೇರೆ ಮಾಡುವುದು ಸುಲಭ. ಈಸಲಿನ ನಾಲ್ಕೂ ರೆಕ್ಕೆ ಒಂದೇ ಅಳತೆ, ಇರುವೆಗೆ ಮುಂದಿನ ಜೋಡಿ ದೊಡ್ಡದು, ಹಿಂದಿನದು ಚಿಕ್ಕದು. ಈಸಲಿಗೆ ಸೊಂಟವೇ ಇಲ್ಲ, ಎದೆಯೂ ಹೊಟ್ಟೆಯೂ ಒಂದೇ ಸಮ. ಅದರ ಕುಡಿಮೀಸೆ ಮಣಿ ಪೋಣಿಸಿದಂತೆ ನೇರ. ಇರುವೆಯದು ಮೊಣಕೈಯಂತೆ ಮಡಚಿರುತ್ತದೆ. ಇಷ್ಟು ಸಾಕು, ಮುಂದೆ ಹೋಗೋಣ.

ಎರಡನೇ ಡಬ್ಬಿಯಲ್ಲಿತ್ತು ನಿಜವಾದ ಸಂಗತಿ. ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಒಂಟಿಯಾಗಿ ಓಡಾಡುತ್ತಿದ್ದ ಕಪ್ಪು ಇರುವೆ. ರೆಕ್ಕೆ ಇಲ್ಲ. "ರೆಕ್ಕೆ ಇಲ್ಲದಿದ್ದರೆ ರಾಣಿ ಎಂದು ಹೇಗೆ ಗೊತ್ತಾಯಿತು?" ಎಂದು ಕೇಳಿದೆ. "ದೊಡ್ಡದಿದೆ" ಎಂದ. ದೊಡ್ಡದು ಎನ್ನುವುದು ಸಾಕ್ಷಿಯಲ್ಲ. ಕಟ್ಟಿರುವೆಯ ಗೂಡಿನಲ್ಲಿ ದಪ್ಪ ತಲೆಯ ಕೆಲಸಗಾರ ಇರುವೆಗಳಿರುತ್ತವೆ. ಅವುಗಳನ್ನು ತಂದು ರಾಣಿ ಎಂದು ತೋರಿಸಿದವರು ಬೇಕಾದಷ್ಟು ಮಂದಿ. ನೋಡಬೇಕಾದದ್ದು ತಲೆಯನ್ನಲ್ಲ, ಎದೆಯನ್ನು. ಕೆಲಸಗಾರ ಇರುವೆಯ ಎದೆ ಸಪೂರ, ರಾಣಿಯ ಎದೆ ಗೂನು ಬೆನ್ನಿನವರಂತೆ ಉಬ್ಬಿರುತ್ತದೆ. ಹಾರುವ ಸ್ನಾಯುಗಳು ತುಂಬಿಕೊಳ್ಳಲು ಅಷ್ಟು ಜಾಗ ಬೇಕು. ಆ ಉಬ್ಬಿನ ಎರಡೂ ಪಕ್ಕದಲ್ಲಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದಲ್ಲಿ ನೋಡಿದರೆ, ಎಲೆ ಉದುರಿದ ಮೇಲೆ ಕೊಂಬೆಯಲ್ಲಿ ಉಳಿಯುವ ಕಲೆಯಂತಹ ಸಣ್ಣ ಗುರುತುಗಳು ಕಾಣುತ್ತವೆ. ಒಮ್ಮೆ ರೆಕ್ಕೆ ಇದ್ದು, ಗಂಡಿನೊಡನೆ ಕೂಡಿ, ನೆಲಕ್ಕಿಳಿದು, ತನ್ನ ರೆಕ್ಕೆಯನ್ನು ತಾನೇ ಕಳಚಿಕೊಂಡದ್ದರ ಗುರುತು ಅದು. ನಮ್ಮ ಡಬ್ಬಿಯವಳಲ್ಲಿ ಆ ಗುರುತು ಸ್ಪಷ್ಟವಾಗಿತ್ತು. ರಾಣಿ, ಸಂಶಯವಿಲ್ಲ.

ಯಾವ ರಾಣಿ ಎನ್ನುವುದು ಮುಂದಿನ ಪ್ರಶ್ನೆ. ಇಲ್ಲಿಂದ ಕಷ್ಟ ಶುರು.

ಭಾರತದ ಇರುವೆಗಳ ಪಟ್ಟಿಯನ್ನು 2016ರಲ್ಲಿ ಪರಿಷ್ಕರಿಸಿ ಪ್ರಕಟಿಸಿದರು. ಪ್ರಭೇದ, ಉಪಪ್ರಭೇದ ಸೇರಿ 828, ಕುಲಗಳು ಸರಿಯಾಗಿ ನೂರು. ಅಷ್ಟರಲ್ಲಿ ಒಂದನ್ನು ಆರಿಸುವುದೆಂದರೆ ಜಾತ್ರೆಯಲ್ಲಿ ಮುಖಪರಿಚಯವಿಲ್ಲದ ನೆಂಟರನ್ನು ಹುಡುಕಿದಂತೆ. ಆದರೆ ಜಾತ್ರೆಯಲ್ಲೂ ಯಾವ ಬೀದಿಯಲ್ಲಿ ಹುಡುಕಬೇಕೆಂದು ತಿಳಿದರೆ ಅರ್ಧ ಕೆಲಸ ಮುಗಿಯುತ್ತದೆ. ಇರುವೆಯಲ್ಲಿ ಆ ಬೀದಿಯ ಹೆಸರು ಸೊಂಟ.

ಇರುವೆಯ ಎದೆಗೂ ಹೊಟ್ಟೆಗೂ ನಡುವೆ ಸಣ್ಣ ಗಂಟಿರುತ್ತದೆ. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು. ಎರಡು ಗಂಟಿದ್ದರೆ ನೀವು ಹೆಚ್ಚುಕಡಿಮೆ ಮಿರ್ಮಿಸಿನೀ ಉಪಕುಟುಂಬದ ಅಂಗಳದಲ್ಲಿದ್ದೀರಿ. ಅಡುಗೆಮನೆಯ ಸಣ್ಣ ಇರುವೆಗಳು, ದಪ್ಪ ತಲೆಯ ಸೈನಿಕರಿರುವ ಫೈಡೋಲೆ, ಕಚ್ಚಿದರೆ ಬೆಂಕಿ ತಾಗಿದಂತಾಗುವ ಸೊಲೆನಾಪ್ಸಿಸ್ ಎಲ್ಲ ಅಲ್ಲಿಯವು. ಹೊಟ್ಟೆ ಹೃದಯದ ಆಕಾರದಲ್ಲಿದ್ದು, ಸೊಂಟ ಅದರ ಮೇಲ್ಬದಿಗೆ ಅಂಟಿಕೊಂಡಿದ್ದರೆ ಅದು ಕ್ರೆಮಟೊಗ್ಯಾಸ್ಟರ್. ಮರದ ಮೇಲೆ ಕಪ್ಪನೆಯ ಉಂಡೆ ಗೂಡು ಕಟ್ಟುವ ಇರುವೆಗಳು ಈ ಕುಲದವು. ಒಂದೇ ಗಂಟಿದ್ದು ಹೊಟ್ಟೆಯ ತುದಿಯಲ್ಲಿ ಕೊಂಡಿ ಇದ್ದರೆ, ಹೊಟ್ಟೆಯ ಮೊದಲ ತುಂಡಿನ ಹಿಂದೆ ದಾರ ಬಿಗಿದಂತೆ ತುಸು ಒತ್ತಿಕೊಂಡಿದ್ದರೆ, ಪೊನೆರಿನೀ. ಒಂದೇ ಗಂಟು, ಕೊಂಡಿ ಇಲ್ಲ, ಹೊಟ್ಟೆಯ ತುದಿಯಲ್ಲಿ ಸುತ್ತ ಕೂದಲಿರುವ ಉರುಟು ರಂಧ್ರ, ಹಾಗಿದ್ದರೆ ಫಾರ್ಮಿಸಿನೀ. ಆ ರಂಧ್ರದಿಂದಲೇ ಹುಳಿ ವಾಸನೆಯ ಆಮ್ಲ ಚಿಮ್ಮಿಸುವುದು. ಚಗಳಿ ಗೂಡಿಗೆ ಕೈ ಹಾಕಿದವರಿಗೆ ಆ ವಾಸನೆಯನ್ನು ನಾನು ವಿವರಿಸಬೇಕಾಗಿಲ್ಲ.

ಚಗಳಿ ಎಂದೊಡನೆ ನೆನಪಾಯಿತು, ನೋಡಿದ ಕೂಡಲೇ ಗುರುತಿಸಬಹುದಾದ ರಾಣಿ ಅದೊಂದೇ ಎನ್ನಬಹುದು. ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಮಾಡುವ ಆ ಕೆಂಪು ಇರುವೆಯ ರಾಣಿ ಹಸಿರು. ಎರಡು ಸೆಂಟಿಮೀಟರಿಗೂ ಉದ್ದ, ಎಳೆ ಬಾಳೆಯ ಹಸಿರು ಬಣ್ಣ. ಶಾಸ್ತ್ರೀಯ ಹೆಸರು ಈಕೋಫಿಲಾ ಸ್ಮರಾಗ್ಡಿನಾ. ಸ್ಮರಾಗ್ಡಿನಾ ಎಂದರೆ ಪಚ್ಚೆಯಂತಹದು. ಕೆಂಪು ಮಕ್ಕಳ ಹಸಿರು ತಾಯಿ.

ನಮ್ಮ ಡಬ್ಬಿಯವಳದು ಒಂದೇ ಗಂಟು, ಕೊಂಡಿ ಇಲ್ಲ, ತುದಿಯಲ್ಲಿ ಉರುಟು ರಂಧ್ರ. ಕುಡಿಮೀಸೆಗೆ ಹನ್ನೆರಡು ತುಂಡು. ಅದರ ಬುಡ ಬಾಯಂಚಿನಿಂದ ಸ್ವಲ್ಪ ದೂರ, ಹಣೆಯ ಕಡೆಗೆ ನೆಟ್ಟಿತ್ತು. ಈ ಕೊನೆಯ ಗುರುತು ಮುಖ್ಯ. ಇಷ್ಟೂ ಕೂಡಿದರೆ ಕ್ಯಾಂಪೊನೋಟಸ್ ಎಂಬ ಕುಲ. ನಾವು ದಿನವೂ ನೋಡುವ ಕಟ್ಟಿರುವೆ, ಕೆಲವರು ಗೊದ್ದ ಎನ್ನುವ ಕರಿ ಇರುವೆ, ಇದೇ ಕುಲದ್ದು. ಅದರ ಪೂರ್ತಿ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್, 1787ರಲ್ಲಿ ಫ್ಯಾಬ್ರಿಸಿಯಸ್ ಇಟ್ಟದ್ದು. ರಾತ್ರಿ ಎಂಟು ಗಂಟೆಗೆ ಟ್ಯೂಬ್‌ಲೈಟಿನ ಕೆಳಗೆ ನೋಡಿ ನಾನು ಗಂಭೀರವಾಗಿ ಹೇಳಿಬಿಟ್ಟೆ: "ಇದು ಕಟ್ಟಿರುವೆಯ ರಾಣಿ. ಬರೆದುಕೋ."

ತಪ್ಪು ಹೇಳಿದ್ದೆ. ಅದು ಗೊತ್ತಾಗಲು ಏಳು ವಾರ ಬೇಕಾಯಿತು.

ಹೆಸರು ಹೇಳುವುದಕ್ಕೆ ಇಷ್ಟೇಕೆ ಒದ್ದಾಟ, ಇರುವೆ ಇರುವೆಯೇ ಅಲ್ಲವೇ ಎಂದು ನಮ್ಮ ಅತ್ತಿಗೆ ಕೇಳುತ್ತಾರೆ. ಹಿಡಿದ ರಾಣಿಯನ್ನು ಸಾಕಬೇಕೆಂದಿದ್ದರೆ ಕನಿಷ್ಠ ಕುಲವಾದರೂ ತಿಳಿದಿರಬೇಕು. ಕಟ್ಟಿರುವೆಯ ಬಳಗದ ರಾಣಿ ನೆಲದೊಳಗೆ ಕೋಣೆ ಮಾಡಿ, ಬಾಗಿಲು ಮುಚ್ಚಿಕೊಂಡು, ಮೊದಲ ಮಕ್ಕಳು ದೊಡ್ಡವರಾಗುವ ತನಕ ಒಂದು ತುತ್ತು ತಿನ್ನುವುದಿಲ್ಲ. ಇನ್ನು ಬೇಡವಾದ ಹಾರುವ ಸ್ನಾಯುಗಳನ್ನು ಒಳಗೇ ಕರಗಿಸಿ, ಅದರಿಂದಲೇ ತಾನು ಬದುಕಿ, ಮರಿಹುಳುಗಳಿಗೂ ಉಣಿಸುತ್ತಾಳೆ. ಅವಳಿಗೆ ಬೇಕಾದದ್ದು ಕತ್ತಲೆ, ತೇವ, ನೆಮ್ಮದಿ. ಪೊನೆರಿನೀ ಗುಂಪಿನ ಎಷ್ಟೋ ರಾಣಿಯರು ಹಾಗಲ್ಲ. ಗೂಡು ಹೂಡಿದ ಮೇಲೂ ಹೊರಗೆ ಹೋಗಿ ಬೇಟೆಯಾಡಿ ತರುತ್ತಾರೆ. ಅಂಥವಳನ್ನು ಕಟ್ಟಿರುವೆಯ ರಾಣಿ ಎಂದು ತಿಳಿದು ನೀರು ಮಾತ್ರ ಕೊಟ್ಟು ಕತ್ತಲಲ್ಲಿಟ್ಟರೆ ಉಪವಾಸ ಕೆಡವಿ ಕೊಂದಂತೆ.

ಇನ್ನು ಕೆಲವು ಇರುವೆಗಳಲ್ಲಿ ರಾಣಿಯನ್ನು ಹುಡುಕುವುದೇ ವ್ಯರ್ಥ. ತೋಟದ ಅಂಚಿನಲ್ಲಿ ಮಣ್ಣಿನ ಸಣ್ಣ ದಿಬ್ಬ ಮಾಡಿ, ಬಾಯಿಯ ಸುತ್ತ ಹಕ್ಕಿಯ ಪುಕ್ಕ, ಸತ್ತ ಇರುವೆ, ಒಣಕಡ್ಡಿ ಜೋಡಿಸುವ ಡಯಾಕಮಾ ಎಂಬ ಕಪ್ಪು ಇರುವೆಯನ್ನು ನೋಡಿರಬಹುದು. ಆ ಕುಲದಲ್ಲಿ ರಾಣಿ ಎಂಬ ದೇಹವೇ ಇಲ್ಲ. ಕೆಲಸಗಾರ ಇರುವೆಗಳಲ್ಲೇ ಒಬ್ಬಳು ಗಂಡಿನೊಡನೆ ಕೂಡಿ ಮೊಟ್ಟೆ ಇಡುತ್ತಾಳೆ. ಹುಟ್ಟುವಾಗ ಎಲ್ಲವಕ್ಕೂ ಎದೆಯ ಮೇಲೆ ಮೊಗ್ಗಿನಂತಹ ಎರಡು ಚಿಕ್ಕ ಅಂಗಗಳಿರುತ್ತವೆ. ಮೊಟ್ಟೆ ಇಡುವವಳು ತನ್ನವನ್ನು ಉಳಿಸಿಕೊಂಡು ಉಳಿದವರದನ್ನು ಕಡಿಸಿಬಿಡುತ್ತಾಳೆ. ಅದನ್ನು ಕಳೆದುಕೊಂಡ ಇರುವೆ ಮತ್ತೆ ಗಂಡಿನ ಜೊತೆ ಸೇರುವ ಹಾಗಿಲ್ಲ. ಕಿರೀಟ ಯಾರಿಗೆಂದು ತೀರ್ಮಾನಿಸಲು ಇಷ್ಟು ಕ್ರೂರ ಏರ್ಪಾಡು ಅರಮನೆಗಳಲ್ಲೂ ಕೇಳಿಲ್ಲ.

ನಮ್ಮ ಜೋಗದ ಆಸುಪಾಸಿನ ಕಾಡಿನಲ್ಲಿ ಹಾರ್ಪೆಗ್ನಾಥೋಸ್ ಸಾಲ್ಟೇಟರ್ ಎಂಬ ನೆಗೆಯುವ ಇರುವೆಯಿದೆ. ಉದ್ದ ದವಡೆ, ದೊಡ್ಡ ಕಣ್ಣು. ಇದರಲ್ಲಿ ರಾಣಿ ಉಂಟು. ಆದರೆ ಅವಳು ಸತ್ತರೆ ಕೆಲಸಗಾರ ಇರುವೆಗಳು ಕುಡಿಮೀಸೆಯಲ್ಲೇ ಹೊಡೆದಾಡಿಕೊಂಡು, ಗೆದ್ದವು ಮೊಟ್ಟೆಯಿಡಲು ಕೂರುತ್ತವೆ. 2010ರಲ್ಲಿ ಜಗತ್ತಿನಲ್ಲಿ ಮೊದಲ ಬಾರಿಗೆ ಪೂರ್ತಿ ಜೀನೋಮ್, ಅಂದರೆ ವಂಶವಾಹಿಗಳ ಇಡೀ ಬರಹ, ಓದಿಸಿಕೊಂಡ ಎರಡು ಇರುವೆಗಳಲ್ಲಿ ಇದೂ ಒಂದು. ಜೋಗಕ್ಕೆ ಬಂದವರು ಜಲಪಾತ ನೋಡಿ ಮೆಕ್ಕೆಜೋಳ ತಿಂದು ಹೋಗುತ್ತಾರೆ, ಕಾಲ ಬುಡದಲ್ಲಿ ಇಂಥದೊಂದು ನೆಗೆಯುತ್ತಿರುತ್ತದೆ.

ಮತ್ತೆ ನನ್ನ ತಪ್ಪಿಗೆ ಬರುತ್ತೇನೆ.

ದಕ್ಷಿಣ ಭಾರತದ ಇರುವೆಗಳನ್ನು ಮೊದಲು ಪಟ್ಟಿಯಾಗಿ ಬರೆದವನು ಜೆರ್ಡನ್, ಮದ್ರಾಸ್ ಸೈನ್ಯದ ವೈದ್ಯ, 1851ರಲ್ಲಿ. ನೆಗೆಯುವ ಇರುವೆಗೆ ಹೆಸರಿಟ್ಟವನೂ ಅವನೇ. ಅನಂತರ 1903ರಲ್ಲಿ ಬಿಂಗ್‌ಹ್ಯಾಮ್ ಎಂಬ ಸೇನಾಧಿಕಾರಿ ಬ್ರಿಟಿಷ್ ಭಾರತದ ಇರುವೆಗಳ ದೊಡ್ಡ ಸಂಪುಟ ಹೊರತಂದ. ಅಲ್ಲಿಂದ ಈಚೆಗೆ ಎಷ್ಟೋ ಕೆಲಸವಾಗಿದೆ. ಆದರೆ ಗುರುತಿನ ಸೂತ್ರಗಳೆಲ್ಲ ಬಹುಪಾಲು ಕೆಲಸಗಾರ ಇರುವೆಗಳನ್ನು ಇಟ್ಟುಕೊಂಡು ಬರೆದವು. ಅದು ಸಹಜ. ಯಾವಾಗ ಬೇಕಾದರೂ ಸಾವಿರ ಸಿಗುವುದು ಅವೇ. ರಾಣಿ ಸಿಗುವುದು ವರ್ಷದಲ್ಲಿ ನಾಲ್ಕು ಸಂಜೆ. ಎಷ್ಟೋ ಪ್ರಭೇದಗಳ ರಾಣಿಯನ್ನು ಯಾರೂ ಸರಿಯಾಗಿ ವರ್ಣಿಸಿಯೇ ಇಲ್ಲ. ಕೆಲಸಗಾರ ಇರುವೆಯ ಸೂತ್ರವನ್ನು ರಾಣಿಯ ಮೇಲೆ ಹಿಡಿದರೆ ಗಂಡಸರ ಅಂಗಿಯ ಅಳತೆಯಲ್ಲಿ ರವಿಕೆ ಹೊಲಿದಂತಾಗುತ್ತದೆ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತೇವೆ. ಇರುವೆಯ ಮಗಳು ನೋಡಲು ತಾಯಿಯಂತಿರುವುದಿಲ್ಲ. ಆದರೆ ತಾಯಿಯ ಹೆಸರು ಹೇಳುವವಳು ಅವಳೇ. ಹಾಗಾಗಿ ಹುಡುಗನಿಗೆ ಕಾಯಲು ಹೇಳಿದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಬಳಸುವಂತಹ ಗಾಜಿನ ಪ್ರನಾಳ, ಅದರ ಮೂರನೇ ಒಂದು ಭಾಗ ನೀರು, ನೀರು ಹರಿಯದ ಹಾಗೆ ಬಿಗಿಯಾಗಿ ಹತ್ತಿ, ಆಮೇಲೆ ರಾಣಿ, ಬಾಯಿಗೆ ಸಡಿಲವಾಗಿ ಇನ್ನೊಂದು ಹತ್ತಿ. ಅದನ್ನು ಹಳೆಯ ಕರ್ಚೀಫಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟೆವು. ವಾರಕ್ಕೊಮ್ಮೆ ಮಾತ್ರ ನೋಡುವುದೆಂದು ಕರಾರು. ಹುಡುಗ ಕರಾರು ಮುರಿದ. ನಾನೂ ಒಂದೆರಡು ಸಲ ಮುರಿದೆ, ಅವನಿಗೆ ಹೇಳಿಲ್ಲ.

ಮೂರನೇ ದಿನಕ್ಕೆ ರವೆ ಕಾಳಿಗಿಂತ ತುಸು ಉದ್ದನೆಯ ಐದಾರು ಮೊಟ್ಟೆ. ಅವುಗಳನ್ನು ಒಂದಕ್ಕೊಂದು ಅಂಟಿಸಿ ಬಾಯಲ್ಲಿ ಹಿಡಿದುಕೊಂಡೇ ಕೂತಿರುತ್ತಿದ್ದಳು. ಮೂರನೇ ವಾರ ಮರಿಹುಳು. ಆಮೇಲೆ ಅವು ರೇಷ್ಮೆಗೂಡಿನಂತೆ ಕಂದು ಚೀಲದೊಳಗೆ ಸೇರಿಕೊಂಡವು. ಶ್ರಾವಣ ಬರುವ ಹೊತ್ತಿಗೆ, ಹಿಡಿದ ಏಳನೇ ವಾರದಲ್ಲಿ, ಒಂದು ಬೆಳಿಗ್ಗೆ ರಾಣಿ ಚೀಲದ ತುದಿಯನ್ನು ದವಡೆಯಲ್ಲಿ ಸೀಳಿ ಮಗಳನ್ನು ಹೊರಗೆಳೆಯುತ್ತಿದ್ದಳು. ಎಳೆಯ ಇರುವೆ ಚಹಾದ ಬಣ್ಣಕ್ಕಿತ್ತು, ನಡುಗುವ ಕಾಲು, ನೆಟ್ಟಗೆ ನಿಲ್ಲಲು ಬಾರದು. ಎರಡು ದಿನದಲ್ಲಿ ಕಪ್ಪಾಯಿತು. ವಾರದೊಳಗೆ ನಾಲ್ವರಾದರು.

ಇಲ್ಲಿಯೂ ಒಂದು ಮೋಸವಿದೆ. ಚೊಚ್ಚಲ ಮಕ್ಕಳು ಯಾವಾಗಲೂ ಕುಳ್ಳು. ಉಪವಾಸವಿದ್ದ ತಾಯಿ ಕೊಟ್ಟ ಆಹಾರದಲ್ಲಿ ಬೆಳೆದವು, ದೊಡ್ಡ ತಲೆಯ ಇರುವೆ ಆ ಸರದಿಯಲ್ಲಿ ಬರುವುದಿಲ್ಲ. ಅಳತೆ ನೋಡಿ ಹೆಸರು ಹೇಳಿದರೆ ಮತ್ತೆ ಎಡವುತ್ತೀರಿ. ನಾನು ಅಳತೆ ಬಿಟ್ಟು ಕಿಟಕಿಯ ಬಳಿ ಹೋದೆ. ಅಪರೂಪಕ್ಕೆ ಬಿಸಿಲು ಬಂದಿತ್ತು. ಪ್ರನಾಳವನ್ನು ಓರೆಯಾಗಿ ಹಿಡಿದು ಮಸೂರದಲ್ಲಿ ನೋಡಿದರೆ, ಮಗಳ ಹೊಟ್ಟೆಯ ಮೇಲೆ ಬೂದಿಯೂ ಬಂಗಾರವೂ ಬೆರೆತಂತಹ ಮಿರುಗು. ಒತ್ತಾಗಿ ಮಲಗಿಸಿದ ನವಿರು ಕೂದಲಿನ ಹೊಳಪು, ಹಳೆಯ ರೇಷ್ಮೆ ಸೀರೆಯ ಮಡಿಕೆ ತಿರುಗಿಸಿದಾಗ ಕಾಣುವಂಥದು. ಕಟ್ಟಿರುವೆಯ ಹೊಟ್ಟೆಗೆ ಈ ಮಿರುಗಿಲ್ಲ. ಅದಕ್ಕಿರಬೇಕಾದ, ಕಾಲಿನ ಕೆಳಗಿನ ಗೆಣ್ಣಿನ ಒಳಂಚಿನ ಗಿಡ್ಡ ಮುಳ್ಳುಕೂದಲ ಸಾಲನ್ನು ಹುಡುಕಿದೆ. ನನಗೆ ಸಿಗಲಿಲ್ಲ. ತಾಯಿಯನ್ನು ಅದೇ ಬಿಸಿಲಿಗೆ ಹಿಡಿದೆ. ಅವಳಲ್ಲೂ ಆ ಮಿರುಗಿತ್ತು. ಏಳು ವಾರದ ಹಿಂದೆ ಟ್ಯೂಬ್‌ಲೈಟಿನ ಬಿಳಿ ಬೆಳಕು ಅದನ್ನು ನುಂಗಿಹಾಕಿತ್ತು. ಇನ್ನೊಂದು ನಾಚಿಕೆಯ ಸಂಗತಿಯೂ ಇದೆ. ಅವಳ ಉದ್ದವನ್ನು ಗ್ರಾಫ್ ಹಾಳೆಯ ಮೇಲೆ ಅಳೆದದ್ದು ಆವತ್ತೇ ಮೊದಲು. 12 ಮಿಲಿಮೀಟರ್. ಕಟ್ಟಿರುವೆಯ ರಾಣಿ ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರ್ ದಾಟುತ್ತಾಳೆ. ಅಳೆಯದೆ ಹೆಸರು ಹೇಳಿದ್ದೆ, ಮಕ್ಕಳಿಗೆ ಇಪ್ಪತ್ತಾರು ವರ್ಷ ಅಳತೆಯ ಪಾಠ ಮಾಡಿದವಳು.

ಮಿರುಗು ಹೊಟ್ಟೆಯ ಕ್ಯಾಂಪೊನೋಟಸ್ ನಮ್ಮಲ್ಲಿ ಒಂದೇ ಇಲ್ಲ. ಹೊಟ್ಟೆ ಅಪ್ಪಟ ಚಿನ್ನದ ಹಾಗೆ ಹೊಳೆದರೆ ಸೆರಿಸಿಯಸ್. ಜೆರ್ಡನ್ ಹೆಸರಿಟ್ಟ ರುಫೋಗ್ಲಾಕಸ್ ಇದೆ, ಅದರ ಹೆಸರಲ್ಲೇ ಕೆಂಪೂ ಬೂದಿಯೂ ಇವೆ. ಅದಕ್ಕೆ ತೀರ ಹತ್ತಿರದ್ದು ಪೇರಿಯಸ್, ಮೈ ಕಪ್ಪು, ಹೊಟ್ಟೆಗೆ ಬೂದು ಮಿರುಗು. ನಮ್ಮವಳ ಎದೆಯಲ್ಲಿ ಕೆಂಪಿನ ಸುಳಿವಿರಲಿಲ್ಲ. ಪೇರಿಯಸ್ ಇರಬೇಕು ಎಂದುಕೊಂಡೆ. ಇರಬೇಕು, ಅಷ್ಟೇ.

ಈಗ ಮೊಬೈಲಿನಲ್ಲಿ ಫೋಟೊ ತೆಗೆದು ಕಳುಹಿಸಿ "ಪ್ರಭೇದ ಹೇಳಿ" ಎನ್ನುವವರು ಬಹಳ. ಅವರಿಗೆ ನನ್ನ ಬೇಡಿಕೆ ಸಣ್ಣದು. ಮೇಲಿನಿಂದ ಒಂದೇ ಫೋಟೊ ಸಾಲದು. ಪಕ್ಕದಿಂದ ಒಂದು, ಸೊಂಟ ಕಾಣುವ ಹಾಗೆ. ಮುಖದ ನೇರಕ್ಕೆ ಒಂದು. ಪಕ್ಕದಲ್ಲಿ ಅಳತೆಪಟ್ಟಿ. ಯಾವ ಊರು, ಯಾವ ತಾರೀಕು, ಎಷ್ಟು ಗಂಟೆ, ಮಳೆ ಬಂದಿತ್ತೇ ಎನ್ನುವುದನ್ನೂ ಬರೆಯಿರಿ. ಕೆಲವು ಇರುವೆ ಹಾರುವುದು ನಸುಕಿನಲ್ಲಿ, ಕೆಲವು ಮುಸ್ಸಂಜೆ. ಎಷ್ಟೋ ಸಲ ಕುಡಿಮೀಸೆಗಿಂತ ಗಡಿಯಾರವೇ ಹೆಚ್ಚು ಹೇಳುತ್ತದೆ. ಇಷ್ಟೆಲ್ಲ ಕೊಟ್ಟ ಮೇಲೂ ಬಲ್ಲವರು "ಕ್ಯಾಂಪೊನೋಟಸ್, ಪ್ರಭೇದ ತಿಳಿಯದು" ಎಂದರೆ ಬೇಸರಿಸಬೇಡಿ. ಫೋಟೊ ನೋಡಿದ ಅರ್ಧ ನಿಮಿಷಕ್ಕೆ ಎರಡು ಪದದ ಪೂರ್ತಿ ಹೆಸರು ಒಪ್ಪಿಸುವವರ ಬಗ್ಗೆಯೇ ನನಗೆ ಅನುಮಾನ. ಆ ಸಾಲಿನಲ್ಲಿ ಜೂನ್ ತಿಂಗಳ ನಾನೂ ಇದ್ದೇನೆ.

ಹೆಸರಿನ ಆಸೆ ಕೆಲವೊಮ್ಮೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು 2025ರಲ್ಲಿ ಪತ್ರಿಕೆಗಳಲ್ಲಿ ಓದಿರುತ್ತೀರಿ. ಕೀನ್ಯಾದಲ್ಲಿ ಬೆಲ್ಜಿಯಂ ದೇಶದ ಹತ್ತೊಂಬತ್ತರ ಹರೆಯದ ಇಬ್ಬರು ಹುಡುಗರು ಸಿಕ್ಕಿಬಿದ್ದರು. ಅವರ ಬಳಿ ಇದ್ದದ್ದು ಸುಮಾರು ಐದು ಸಾವಿರ ಇರುವೆ, ಹತ್ತಿ ತುರುಕಿದ ಪ್ರನಾಳಗಳಲ್ಲಿ. ಮೆಸರ್ ಸೆಫಲೋಟಿಸ್ ಎಂಬ ದೊಡ್ಡ ಕೆಂಪು ರಾಣಿಯರಿಗೆ ಸಾಕುವವರ ಸಂತೆಯಲ್ಲಿ ಬೆಲೆ ಇದೆ. ನ್ಯಾಯಾಲಯ ಹತ್ತು ಲಕ್ಷ ಕೀನ್ಯಾ ಶಿಲ್ಲಿಂಗ್ ದಂಡ, ಕಟ್ಟದಿದ್ದರೆ ಒಂದು ವರ್ಷ ಸೆರೆ ಎಂದಿತು. ನಮ್ಮ ಹುಡುಗನ ಕರ್ಚೀಫಿಗೂ ಆ ಪೆಟ್ಟಿಗೆಗೂ ಹೋಲಿಕೆಯಿಲ್ಲ. ಆದರೂ ಸುದ್ದಿ ಓದಿದ ಮೇಲೆ ನಾವಿಬ್ಬರೂ ಕೂತು ಮಾತಾಡಿದೆವು. ಇಂತಹ ರಾಣಿಯರು ಬಹಳ ಕಾಲ ಬದುಕುತ್ತಾರೆ. ಯುರೋಪಿನ ತೋಟದ ಕಪ್ಪು ಇರುವೆಯ ಒಂದು ರಾಣಿ ಸಾಕಿದವರ ಬಳಿ 28 ವರ್ಷ ದಾಟಿ ಬದುಕಿದ್ದ ದಾಖಲೆ ಇದೆ. "ಅಷ್ಟು ಹೊತ್ತಿಗೆ ನನಗೆ ನಲವತ್ತು" ಎಂದು ಲೆಕ್ಕ ಹಾಕಿದ ಹುಡುಗ, ಸ್ವಲ್ಪ ಹೆದರಿದ.

ದೀಪಾವಳಿಯ ರಜೆಯಲ್ಲಿ, ಮಳೆ ಪೂರ್ತಿ ಹೊಳವಾದ ಮೇಲೆ, ಹಿಡಿದ ಜಾಗದಲ್ಲೇ ಬಿಟ್ಟೆವು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಅಡಿಕೆ ದಬ್ಬೆಯ ಅಡಿಯಲ್ಲಿ ತೂತು ಮಾಡಿ ಪ್ರನಾಳದ ಬಾಯಿ ತೆರೆದಿಟ್ಟೆವು. ಆಗ ಹದಿನೇಳು ಮಕ್ಕಳಿದ್ದರು. ಮೊದಲು ಒಬ್ಬಳು ಬಂದು ಕುಡಿಮೀಸೆ ಆಡಿಸಿ ಒಳಗೆ ಹೋದಳು. ಕಾಲು ಗಂಟೆಯ ಮೇಲೆ ಸಾಲು ಹೊರಟಿತು, ಬಾಯಲ್ಲಿ ಮರಿ ಕಚ್ಚಿಕೊಂಡು. ರಾಣಿ ಎಲ್ಲರಿಗಿಂತ ಕೊನೆಗೆ ಹೊರಟಳು. ಬಿಸಿಲಿಗೆ ಬಂದ ಒಂದು ಕ್ಷಣ ಬೆನ್ನು ಮಿರುಗಿತು, ಆಮೇಲೆ ತೂತಿನೊಳಗೆ ಇಳಿದಳು.

ಖಾಲಿ ಪ್ರನಾಳ ಈಗಲೂ ನಮ್ಮ ಕಪಾಟಿನಲ್ಲಿದೆ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಜೂನ್ ತಾರೀಕು, ಊರಿನ ಹೆಸರು, ಒಗೆಯುವ ಕಲ್ಲು ಎಂದೆಲ್ಲ ಹುಡುಗನ ದುಂಡು ಅಕ್ಷರದಲ್ಲಿದೆ. "ಕಂಪ್ರೆಸಸ್" ಎಂಬ ಪದದ ಮೇಲೆ ಗೀಟು ಎಳೆದು ಕೆಳಗೆ "ಪೇರಿಯಸ್" ಎಂದು ಬರೆದಿದ್ದಾನೆ. ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ, ಚೀಟಿಯ ಉಳಿದ ಜಾಗವನ್ನೆಲ್ಲ ತುಂಬುವಷ್ಟು ದೊಡ್ಡದು.

ನಮಸ್ಕಾರ.